ಬ್ಯಾಂಡಿಲ್ಲದೆ ನಡೆಯದ ಕುದುರೆ

ಬೀದರ್ ಕಡೆಯ ಗಂಡಸು ಜೀವಮಾನದಲ್ಲಿ ಒಂದೇ ಸಲ ಕುದುರೆ ಹತ್ತುತ್ತಾನೆ. ಹತ್ತುತ್ತಾನೆ ಅನ್ನುವುದೂ ದೊಡ್ಡ ಮಾತೇ. ಕುರ್ಚಿ ಹಾಕಿ, ಹಿಂದಿನಿಂದ ಇಬ್ಬರು ನೂಕಿ, ಆ ಬದಿಯಿಂದ ಒಬ್ಬ ಜಗ್ಗಿ, ಅಂತೂ ಕೂಡಿಸುತ್ತಾರೆ. ಮದುಮಗ ಹನುಮಾನ ಗುಡಿಗೆ ಹೋಗಿ, ಕಾಯಿ ಒಡೆಸಿ, ಕಲ್ಯಾಣ ಮಂಟಪದ ಬಾಗಿಲಲ್ಲಿ ಇಳಿದನೆಂದರೆ ಅವನ ಅಶ್ವಪರ್ವ ಸಮಾಪ್ತಿ. ಅಲ್ಲಿಂದ ಮುಂದೆ ಆಯುಷ್ಯವಿಡೀ ಸ್ಪ್ಲೆಂಡರ್ ಬೈಕು, ಹಿಂದೆ ಹೆಂಡತಿ, ಮುಂದೆ ಕಾಯಿಪಲ್ಯೆ ಚೀಲ.

ನನ್ನ ಅಶ್ವಪರ್ವ ನಡೆದದ್ದು ಭಾಲ್ಕಿಯಲ್ಲಿ, ಹೆಂಡತಿಯ ತವರಿನಲ್ಲಿ. ಅದರ ಫೋಟೊ ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ. ಬಾಸಿಂಗ ಎಡಕ್ಕೆ ವಾಲಿದೆ, ಎರಡೂ ಕೈ ಕುದುರೆಯ ಜೂಲಿನೊಳಗೆ ಹೂತಿವೆ, ಕಣ್ಣು ಗಟ್ಟಿಯಾಗಿ ಮುಚ್ಚಿವೆ. ಕುದುರೆ ಮಾತ್ರ ನೇರ ಕ್ಯಾಮೆರಾ ನೋಡುತ್ತಿದೆ. ಮನೆಗೆ ಬಂದ ನೆಂಟರು ಚಹಾ ಹೀರುತ್ತ ಅದರ ಮುಂದೆ ನಿಂತು, "ಕುದುರಿ ಭಾರಿ ಚಂದ ಬಂದದ ನೋಡ್ರಿ" ಅನ್ನುತ್ತಾರೆ. ನನ್ನ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ಬೀದರಿನ ಮಂದಿ ಸುಸಂಸ್ಕೃತರು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಬೀದರಿನಲ್ಲಿ ನಿಂತು ಇತಿಹಾಸ ಹೇಳಿದರೆ ಬಹಮನಿಗಳನ್ನು ಬಿಡುವಂತಿಲ್ಲ. ಬಹಮನಿಗಳನ್ನು ಹೇಳಿದರೆ ಕುದುರೆಯನ್ನು ಬಿಡುವಂತಿಲ್ಲ. ಅರಬಸ್ತಾನ, ಇರಾನಿನ ಕುದುರೆಗಳು ಹಡಗಿನಲ್ಲಿ ಬಂದು ಚೌಲ್, ದಾಭೋಳ, ಗೋವಾ ಬಂದರುಗಳಲ್ಲಿ ಇಳಿಯುತ್ತಿದ್ದವು, ಘಟ್ಟ ಹತ್ತಿ ಈ ಕೆಂಪು ನೆಲಕ್ಕೆ ಬರುತ್ತಿದ್ದವು. ವಿಜಯನಗರದ ಅರಸರಿಗೂ ಅದೇ ಕುದುರೆ ಬೇಕು, ಇವರಿಗೂ ಅದೇ ಬೇಕು. 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ ಗೋವಾ ಗೆದ್ದದ್ದರ ಹಿಂದೆ ಈ ಲೆಕ್ಕವೂ ಇತ್ತು. ಬೋರ್ಡಿನ ತುಂಬ ಬಾಣದ ಗುರುತು ಹಾಕಿ ನಾನು ಇದನ್ನು ಹೇಳುವ ಆವೇಶಕ್ಕೆ ಹಿಂದಿನ ಬೆಂಚಿನವರೂ ಎಚ್ಚರಾಗುತ್ತಾರೆ.

ನನಗೆ ಎಲ್ಲರಿಗಿಂತ ಹತ್ತಿರದವನು ಅಫನಾಸಿ ನಿಕಿಟಿನ್. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ಹಿಂದುಸ್ತಾನದಲ್ಲಿ ಕುದುರೆಗೆ ಒಳ್ಳೇ ರೇಟು ಇದೆ ಎಂದು 1469ರ ಸುಮಾರಿಗೆ ಒಂದೇ ಒಂದು ಗಂಡು ಕುದುರೆ ಹೊಡೆದುಕೊಂಡು ಚೌಲಿಗೆ ಬಂದಿಳಿದ. ಜುನ್ನರಿನ ಖಾನ ಆ ಕುದುರೆಯನ್ನು ಕಸಿದುಕೊಂಡು, ಮತ ಬದಲಿಸಿದರೆ ಕುದುರೆಯೂ ನಿನ್ನದು ಸಾವಿರ ಹೊನ್ನೂ ನಿನ್ನದು, ಇಲ್ಲದಿದ್ದರೆ ಎರಡೂ ನನ್ನವು ಎಂದ. ಯಾರದೋ ಶಿಫಾರಸಿನಿಂದ ಬಿಡಿಸಿಕೊಂಡು, ಬೀದರಿಗೆ ತಂದು, ಒಂದು ವರ್ಷದ ತನಕ ಮೇವು ಹಾಕಿ, ಕೊನೆಗೆ ಇಲ್ಲೇ ಮಾರಿ ಕೈ ತೊಳೆದುಕೊಂಡ. ಬೀದರಿನಿಂದ ಹನ್ನೆರಡು ಕೋಸು ದೂರದ ಒಂದು ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತಿದ್ದವೆಂದು ಬರೆದಿದ್ದಾನೆ. ಅದು ಆಳಂದ ಎಂದು ತಿಳಿದವರು ಗುರುತಿಸುತ್ತಾರೆ. ಇಷ್ಟೆಲ್ಲ ಬರೆದವನು ಇನ್ನೊಂದು ಮಾತನ್ನೂ ಸೇರಿಸಿದ್ದಾನೆ: ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ, ಇಲ್ಲಿಯ ಜನ ಅವುಗಳ ಮೇಲೇ ಸವಾರಿ ಮಾಡುತ್ತಾರೆ.

ಒಂದು ರಾತ್ರಿ ಊಟಕ್ಕೆ ಕೂತು ಮಗಳಿಗೆ ಈ ಕಥೆ ಹೇಳುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕುದುರಿ ಸುದ್ದಿ ಇಷ್ಟೆಲ್ಲ ಗೊತ್ತಿದ್ದವರು ಅವತ್ತು ಕಣ್ಣು ಯಾಕ ಮುಚ್ಚಿದ್ರಿ?"

ಅವ್ವ ಬಾಯಿಗೆ ಸೆರಗು ಹಿಡಿದಳು. ಮಗಳು ತಾಟಿನೊಳಗೆ ಮುಖ ಹಾಕಿದಳು.

"ಕಲ್ತು ತೋರಸ್ತೀನಿ," ಅಂದೆ.

"ಎಮ್ಮಿಯಿಂದ ಸುರು ಮಾಡ್ರಿ," ಅಂದಳು ಹೆಂಡತಿ. "ಆ ರಶಿಯಾದವ ಹೇಳ್ಯಾನಲ್ಲ."

ಕಲಿಯುವುದಾದರೂ ಎಲ್ಲಿ? ಬೀದರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾರೆ. ನಮ್ಮ ವಾಯುನೆಲೆಯಲ್ಲಿ ಮೀಸೆ ಮೂಡಿದ ಹುಡುಗರು ಹಾಕ್ ಜೆಟ್ಟು ಹತ್ತಿ ಮೋಡದಲ್ಲಿ ಮರೆಯಾಗುತ್ತಾರೆ. 1996ರಲ್ಲಿ ಸೂರ್ಯಕಿರಣ ತಂಡ ಕಟ್ಟಿದ್ದೂ ಇಲ್ಲೇ. ಆದರೆ ಸುಲ್ತಾನರ ರಾಜಧಾನಿಯಲ್ಲಿ ಕುದುರೆ ಹತ್ತುವುದನ್ನು ಕಲಿಸುವ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಸಿಕ್ಕವರು ಮದುವೆಗೆ ಕುದುರೆ ಬಾಡಿಗೆ ಕೊಡುವ ಒಬ್ಬ ಚಾಚಾ. ಆಷಾಢ ಹೊಕ್ಕಿತ್ತು. ಲಗ್ನದ ಮುಹೂರ್ತವಿಲ್ಲ, ಕುದುರೆಗೆ ದಗದವಿಲ್ಲ.

"ಕೂತು ತಿಂತದ ಸರ್ ಸುಮ್ನ. ಬರ್ರಿ, ನೀವೂ ಕೂಡ್ರಿ," ಅಂದರು ಚಾಚಾ. ಫೀಸು ಬೇಡ, ಮೇವಿನ ಖರ್ಚು ನನ್ನದು ಎಂದು ಮಾತಾಯಿತು. ಫೀಸು ಕೊಡುವುದು ಎಷ್ಟೋ ಅಗ್ಗವಿತ್ತೆಂದು ಆಮೇಲೆ ಗೊತ್ತಾಯಿತು.

ಕುದುರೆಯ ಹೆಸರು ಚಾಂದನಿ. ಬಿಳೀ ಮೈ, ಗುಲಾಬಿ ಮೂಗು, ಬಾಲದ ತುದಿಯಲ್ಲಿ ಹಿಂದಿನ ಸೀಜನ್ನಿನ ಮೆಹಂದಿ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಕುತ್ತವೆ. ಮಾರವಾಡ, ಕಾಠಿಯಾವಾಡದ ರಕ್ತದ ಗುರುತದು. ಚಾಚಾ ಅದನ್ನು ಖರೀದಿಸಿದ್ದು ನಾಂದೇಡ ಜಿಲ್ಲೆಯ ಮಾಳೆಗಾಂವ ಖಂಡೋಬನ ಜಾತ್ರೆಯಲ್ಲಿ. ನಮ್ಮ ಔರಾದ್ ಕಡೆಯವರೂ ಕುದುರೆ ಕೊಳ್ಳಬೇಕೆಂದರೆ ಅಲ್ಲಿಗೇ ಹೋಗುತ್ತಾರೆ. ಆ ಜಾತ್ರೆಯಲ್ಲಿ ಅಷ್ಟು ಕುದುರೆಗಳ ನಡುವೆ ಇದೊಂದೇ ಅಲುಗಾಡದೆ ನಿಂತಿತ್ತಂತೆ. ಅದನ್ನು ಶಾಂತ ಸ್ವಭಾವ ಎಂದು ಚಾಚಾ ತಿಳಿದಿದ್ದರು.

ಪಾಠಶಾಲೆ ಉದಗೀರ ರಸ್ತೆಯಲ್ಲಿ, ಬರೀದಶಾಹಿ ಗುಂಬಜಗಳ ಆಚೆಯ ಬಯಲು. ಮೊದಲ ದಿನ ಮಗಳ ಒತ್ತಾಯಕ್ಕೆ ಬೈಕಿನ ಹೆಲ್ಮೆಟ್ಟು ಹಾಕಿಕೊಂಡು, ತಂಬಿಗೆಯಷ್ಟು ನೀರು ಕುಡಿದು, ಕಾಲಿಗೆ ಬಿಗಿಯಾದ ಪ್ಯಾಂಟು ಏರಿಸಿ ಹೋದೆ. ಕುದುರೆಯನ್ನು ಎಡಬದಿಯಿಂದ ಹತ್ತಬೇಕು. ಲಗಾಮು ಮತ್ತು ಜೂಲು ಎಡಗೈಯಲ್ಲಿ, ಎಡಗಾಲು ರಿಕಾಬಿನಲ್ಲಿ, ಬಲಗೈ ಜೀನಿನ ಮೇಲೆ. ಇದಿಷ್ಟೂ ನನಗೆ ಪುಸ್ತಕದಿಂದ ಬಾಯಿಪಾಠ. ಎಡಗಾಲು ಎತ್ತಿದೆ, ಚಾಂದನಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ನಾನೂ ಒಂದು ಕಾಲಲ್ಲಿ ಕುಪ್ಪಳಿಸಿ ಸರಿದೆ. ಅದು ಮತ್ತೆ ಸರಿಯಿತು. ಹೀಗೆ ಇಬ್ಬರೂ ಕುಂಟಾಬಿಲ್ಲೆ ಆಡುತ್ತ ಬಯಲಿನ ಅರ್ಧ ದಾಟಿದೆವು. ಎಮ್ಮೆ ಕಾಯುವ ಹುಡುಗರು ಕೆಲಸ ಬಿಟ್ಟು ಬಂದು ಕೂತರು.

ಚಾಚಾ ತಲೆಗೆ ಕೈ ಹಚ್ಚಿದರು. "ಅರೆ, ಕುರ್ಸಿ ತರೋದು ಮರ್ತೇ ಬಿಟ್ಟೆ ಸರ್."

ಚಾಂದನಿಯ ಅನುಭವದಲ್ಲಿ ಮನುಷ್ಯ ಎಂಬ ಪ್ರಾಣಿ ಕುರ್ಚಿಯಿಂದ ಕುದುರೆಗೆ ಏರುತ್ತದೆ. ನೆಲದಿಂದ ಏರಲು ಬಂದವನು ಕಳ್ಳನೇ ಇರಬೇಕು. ಚಹಾದಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂತು, ಚಾಂದನಿ ಕಲ್ಲಾಗಿ ನಿಂತಿತು, ನಾನು ಏರಿದೆ.

ಏರಿದ್ದೇನೋ ಆಯಿತು, ಜೀನು ತಾನೇ ತಿರುಗತೊಡಗಿತು. ಮೊದಲು ನನ್ನ ಎಡಭುಜ ನೆಲದ ಕಡೆ ಬಾಗಿತು, ಆಮೇಲೆ ಹೆಲ್ಮೆಟ್ಟು, ಆಮೇಲೆ ಉಳಿದ ನಾನು. ಅವಸರವೇ ಇಲ್ಲ, ಎದುರಿಗಿನ ಗುಂಬಜ ವಾಲುವುದನ್ನು ಪೂರ್ತಿ ನೋಡುವಷ್ಟು ಸಾವಕಾಶವಾಗಿ ಇಳಿದು, ಕೊನೆಗೆ ಚಾಂದನಿಯ ಹೊಟ್ಟೆಯ ಕೆಳಗೆ ಬಂದು ನೆಲ ಮುಟ್ಟಿದೆ. ಅದು ಒಂದು ಕಾಲನ್ನೂ ಕದಲಿಸಲಿಲ್ಲ. ಕತ್ತು ಬಗ್ಗಿಸಿ, ಮುಂಗಾಲುಗಳ ನಡುವಿನಿಂದ ನನ್ನನ್ನು ನೋಡಿತು.

ನಮ್ಮೂರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಹೀಗಾಗಿ ಓಣಿಗೊಬ್ಬ ದನದ ಡಾಕ್ಟರು ಸಿಗುತ್ತಾರೆ. ನಮ್ಮ ನೆರೆಯ ಡಾಕ್ಟರು ಈ ರಹಸ್ಯವನ್ನು ಬಿಡಿಸಿದರು. ಹೊಟ್ಟೆಯ ಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಉಸಿರು ತುಂಬಿ ಮೈ ಉಬ್ಬಿಸಿಕೊಳ್ಳುತ್ತವೆ. ಬಿಗಿದವರು ಆಚೆ ಹೋದ ಮೇಲೆ ಉಸಿರು ಬಿಡುತ್ತವೆ, ಪಟ್ಟಿ ಸಡಿಲಾಗುತ್ತದೆ. ಅದಕ್ಕೇ ಸ್ವಲ್ಪ ನಡೆಸಿ ಇನ್ನೊಮ್ಮೆ ಬಿಗಿಯಬೇಕು. "ನಿಂತೇ ನಿದ್ದೆ ಮಾಡ್ತದ ಡಾಕ್ಟರೆ, ಏನರೆ ರೋಗ ಅದ ಏನು?" ಎಂದೆ. ಕುದುರೆಯ ಕಾಲಿನ ಕೀಲುಗಳಿಗೆ ಚಿಲಕ ಹಾಕಿದ ಹಾಗೆ ಬಿಗಿದುಕೊಳ್ಳುವ ಏರ್ಪಾಡಿದೆ, ನಿಂತೇ ತೂಕಡಿಸುವುದು ಅದರ ಹುಟ್ಟುಗುಣ ಎಂದರು. ಒಂದು ದಿನ ಬಂದು ಹಲ್ಲು, ಗೊರಸು, ಕಿವಿ, ಕಣ್ಣು ಎಲ್ಲ ನೋಡಿದರು. "ಕುದುರಿ ಆರೋಗ್ಯ ಭಾರಿ ಅದ. ನೀವು ನಿಮ್ಮ ಬಿ.ಪಿ. ತೋರಿಸಿಕೊಳ್ರಿ."

ಪಟ್ಟಿಯ ಗುಟ್ಟು ತಿಳಿದು ಕೂತದ್ದಾಯಿತು. ಈಗ ಕುದುರೆ ನಡೆಯಬೇಕು. ಹಿಮ್ಮಡಿ ಒತ್ತಿದೆ, ನಾಲಗೆಯಿಂದ ಚಕ್ ಚಕ್ ಎಂದೆ, ಕನ್ನಡದಲ್ಲಿ ಬೇಡಿದೆ, ಉರ್ದುವಿನಲ್ಲಿ ಹೊಗಳಿದೆ, ಮರಾಠಿಯಲ್ಲಿ ಗದರಿದೆ. ಗಡಿ ಜಿಲ್ಲೆಯವನಿಗೆ ಭಾಷೆಗೇನೂ ಬರವಿಲ್ಲ. ಚಾಂದನಿ ಹಿಂಗಾಲೊಂದನ್ನು ಮಡಿಚಿ ವಿಶ್ರಾಂತಿಗೆ ಇಟ್ಟುಕೊಂಡಿತು. ತಲೆಯ ಮೇಲೆ ವಾಯುನೆಲೆಯ ಜೆಟ್ಟು ಆಕಾಶ ಸೀಳಿಕೊಂಡು ಹೋಯಿತು. ಕಿವಿ ಕೂಡ ಅಲುಗಲಿಲ್ಲ. ಆ ಗಳಿಗೆಯಲ್ಲೇ ಎಲ್ಲಿಂದಲೋ ಹಾರಿ ಬಂದ ಖಾಲಿ ಕ್ಯಾರಿಬ್ಯಾಗಿಗೆ ಬೆಚ್ಚಿ ಒಂದು ಗಜ ಪಕ್ಕಕ್ಕೆ ಜಿಗಿಯಿತು. ನಾನು ಜೂಲು ಹಿಡಿದುಕೊಂಡೆ. ಕಣ್ಣು ಮುಚ್ಚಿದ್ದೆನೋ ಇಲ್ಲವೋ ಎಂಬುದಕ್ಕೆ ಪುಣ್ಯಕ್ಕೆ ಫೋಟೊ ಇಲ್ಲ.

"ಬ್ಯಾಂಡ್ ಇಲ್ದೆ ಹ್ಯಾಂಗ ನಡಿತದ ಸರ್?" ಎಂದರು ಚಾಚಾ, ಇದೂ ಒಂದು ಪ್ರಶ್ನೆಯೇ ಅನ್ನುವ ಧಾಟಿಯಲ್ಲಿ. ತಮ್ಮ ಮೊಬೈಲ್ ತೆಗೆದು ಬರಾತಿನ ಹಾಡು ಹಚ್ಚಿದರು. ಚಾಂದನಿಯ ಕಿವಿ ನೆಟ್ಟಗಾಯಿತು. ಮುಂಗಾಲು ಎತ್ತಿ, ಇಟ್ಟು, ಎತ್ತಿ, ಇಟ್ಟು, ನಿಂತಲ್ಲೇ ಠೇಕಾ ಹಿಡಿಯಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತು. ಅಲ್ಲಿ ಕುಣಿಯುವವರಿಗೆ ಜಾಗ ಬಿಡಬೇಕಲ್ಲ! ಮತ್ತೆ ನಾಲ್ಕು ಹೆಜ್ಜೆ. ಹಾಡು ಮುಗಿದು ಜಾಹೀರಾತು ಬಂದರೆ ನಿಲ್ಲುತ್ತಿತ್ತು. ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ನಿಂತು, ಕತ್ತು ಕೊಂಕಿಸಿ, ಕ್ಯಾಮೆರಾ ನೋಡುತ್ತಿತ್ತು. ಕೆಳಗೆ ನಿಂತವನು ಜೇಬಿಗೆ ಕೈ ಹಾಕಿದರೂ ಸಾಕು, ನೋಟು ನಿವಾಳಿಸುತ್ತಾನೆಂದು ತಿಳಿದು ಅಲುಗದೆ ಕಾಯುತ್ತಿತ್ತು. ಎಮ್ಮೆಯ ಹುಡುಗರು ಇದನ್ನು ಪತ್ತೆ ಹಚ್ಚಿದರು, ದಿನಾ ಜೇಬಿಗೆ ಕೈ ಹಾಕುವುದೇ ಅವರಿಗೊಂದು ಆಟವಾಯಿತು.

ಮನೆಯಲ್ಲಿ ಬೇರೆಯದೇ ಕಾಂಡ ನಡೆದಿತ್ತು. ಬಹಮನಿಯರ ಕಾಲದಲ್ಲಿ ಇಲ್ಲಿಯ ಕುದುರೆಗಳಿಗೆ ಕಡಲೆ ಹಾಕುತ್ತಿದ್ದರು, ಸಕ್ಕರೆ ಎಣ್ಣೆ ಸೇರಿಸಿ ಖಿಚಡಿ ಬೇಯಿಸಿ ತಿನ್ನಿಸುತ್ತಿದ್ದರು ಎಂದು ನಿಕಿಟಿನ್ ಬರೆದಿದ್ದಾನೆ. ಇತಿಹಾಸದ ವಿದ್ಯಾರ್ಥಿಯಾಗಿ ಇದನ್ನು ಪ್ರಯೋಗಿಸಿ ನೋಡುವುದು ನನ್ನ ಕರ್ತವ್ಯವಾಗಿತ್ತು. ನಸುಕಿನಲ್ಲಿ ಎದ್ದು, ಸದ್ದಾಗದಂತೆ ಕುಕ್ಕರು ಇಟ್ಟೆ. ಸದ್ದಾಗದ ಕುಕ್ಕರು ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಮೂರನೇ ಸೀಟಿಗೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿದ್ದಳು.

"ಯಾರಿಗಿದು?"

"ಚಾಂದನಿಗೆ."

"ನನ್ ಲಗ್ನ ಆಗಿ ಇಷ್ಟು ವರ್ಸ ಆಯ್ತು, ಒಂದ್ ದಿನ ನನಗ ಚಹಾ ಮಾಡಿ ಕೊಟ್ಟೀರೇನು?"

ಖರೇ ಹೇಳಬೇಕೆಂದರೆ ಕೊಟ್ಟಿಲ್ಲ. ಅದನ್ನು ಆ ಹೊತ್ತಿನಲ್ಲಿ ಹೇಳುವುದು ಜಾಣತನವಲ್ಲವೆಂದು ಇತಿಹಾಸದ ಕಡೆ ತಿರುಗಿದೆ. "ಐನೂರೈವತ್ತು ವರ್ಷದ ಹಿಂದೆ..."

"ಮನಿ ಮಂದಿಗಿ ಸುಸಲಾ, ಕುದುರಿಗಿ ಖಿಚಡಿ. ಮ್ಯಾಲ ತುಪ್ಪ ಬ್ಯಾರೆ! ಅತ್ತಿ, ನೋಡ್ರಿ ಬರ್ರಿ ನಿಮ್ ಮಗನ ಹಣೇಬರ."

ಅವ್ವ ಬಂದಳು. ಅವಳು ಔರಾದ್ ತಾಲೂಕಿನ ಹಳ್ಳಿಯ ಪಾಟೀಲರ ಮನೆಯ ಮಗಳು. ಹುಟ್ಟಿದ ಮನೆಯಲ್ಲಿ ಕುದುರೆಯಿತ್ತು. ಕುಕ್ಕರಿನ ಮುಚ್ಚಳ ತೆಗೆಸಿ ನೋಡಿ, "ಸಕ್ರಿ ಹಾಕ್ಬ್ಯಾಡ ತಮ್ಮಾ, ಹೊಟ್ಟಿ ಹಿಡಿತದ. ಕಡ್ಲಿ ನೆನಿಸಿ ಹಾಕು, ಮ್ಯಾಲ ಹಸೀ ಹುಲ್ಲು," ಅಂದಳು. ಡಾಕ್ಟರೂ ಅದನ್ನೇ ಹೇಳಿದರು: ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಒಳಗೆ ಹೋದದ್ದು ಜೀರ್ಣವಾಗದಿದ್ದರೆ ಹೊಟ್ಟೆನೋವು ಪ್ರಾಣಕ್ಕೇ ಬರುತ್ತದೆ, ನಿಮ್ಮ ಪ್ರಯೋಗ ಪುಸ್ತಕದಲ್ಲೇ ಇರಲಿ. ಆ ಖಿಚಡಿಯನ್ನು ನಾವೇ ತಿಂದೆವು. ಸಕ್ಕರೆ ಕಮ್ಮಿ ಇದ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಚಾಂದನಿ ನಮ್ಮ ಮನೆಯ ನಿತ್ಯದ ಮಾತಾಯಿತು. ಚಾಚಾ ಫೋನು ಮಾಡಿ, "ಸರ್ ಇಲ್ಲೇನು? ಚಾಂದನಿ ಕಾಯ್ಲತ್ತಾಳ ಅಂತ ಹೇಳ್ರಿ" ಅನ್ನುತ್ತಿದ್ದರು. ಹೆಂಡತಿ ಅದನ್ನು ಓಣಿಗೆ ಕೇಳುವಂತೆ ದೊಡ್ಡ ದನಿಯಲ್ಲಿ ನನಗೆ ತಲುಪಿಸುತ್ತಿದ್ದಳು. ಎದುರುಮನೆಯ ಅಜ್ಜಿ ಆಗಲೇ ಅವಳನ್ನು ಕರೆದು ಸಮಾಧಾನ ಹೇಳಿದ್ದಳಂತೆ.

ಭಾಲ್ಕಿಗೂ ಸುದ್ದಿ ಮುಟ್ಟಿತ್ತು. ಅಲ್ಲಿಗೆ ಹೋದಾಗ ಹೆಂಡತಿಯ ತಮ್ಮ ಊರಿನ ಗೆಳೆಯರನ್ನೆಲ್ಲ ಕೂಡಿಸಿ, "ಇವ್ರೇ ನಮ್ ಮಾಮಾ, ಕುದುರಿ ಕಲೀಲತ್ತಾರ" ಎಂದು ಪರಿಚಯ ಮಾಡಿಸಿದ. ಅತ್ತೆಯವರು ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಅದೇ ತಾಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಗುಡಿಯಿದೆ. ಮಲ್ಲಣ್ಣನ ವಾಹನ ಕುದುರೆ. "ದೇವರ ಕುದುರಿ ಅದು, ಕೇಳಿಕೊಳ್ದೆ ಹತ್ತಬಾರ್ದು" ಎಂದು ಎಲ್ಲರನ್ನೂ ಜೀಪಿನಲ್ಲಿ ತುಂಬಿ ಅಲ್ಲಿಗೆ ಕರೆದೊಯ್ದರು. ಏಳುಕೋಟಿಯ ಕೂಗಿನ ನಡುವೆ ಭಂಡಾರ ತೂರಿದರು. ನಾನು ಕತ್ತಿನವರೆಗೆ ಅರಿಶಿಣವಾಗಿ, ಕುದುರೆಯೇರಿ ಕೂತ ಮಲ್ಲಣ್ಣನ ಚಿತ್ರ ನೋಡಿದೆ. ಕಣ್ಣು ತೆರೆದೇ ಇದ್ದವು.

ನಿಜವಾದ ವಿದ್ಯೆ ಸಿಕ್ಕದ್ದು ಔರಾದಿನಲ್ಲಿ. ಅವ್ವನ ಅಣ್ಣ, ನನ್ನ ಸೋದರಮಾವ, ಎಂಬತ್ತು ದಾಟಿದವರು. ಹರೆಯದಲ್ಲಿ ಹೆಣ್ಣು ಕುದುರೆಯೊಂದನ್ನು ಹತ್ತಿ ಔರಾದಿನ ಅಮರೇಶ್ವರ ಜಾತ್ರೆಗೆ ದನ ಕೊಳ್ಳಲು ಬರುತ್ತಿದ್ದರಂತೆ. ಈಗಲೂ ದೇವಣಿ ಹೋರಿಯ ಮಾತು ತೆಗೆದರೆ ಹಾಸಿಗೆಯಲ್ಲಿ ಎದ್ದು ಕೂಡುತ್ತಾರೆ. ನನ್ನ ಕಥೆಯನ್ನೆಲ್ಲ ಕೇಳಿ ಅವರು ನಗಲಿಲ್ಲ. ಇಡೀ ಬಳಗದಲ್ಲಿ ನಗದವರು ಅವರೊಬ್ಬರೇ.

"ಅದರ ಮ್ಯಾಲ ಇಲ್ಲಿತನ ಯಾರ್ ಯಾರ್ ಕೂತಾರ?" ಎಂದು ಕೇಳಿದರು.

"ಮದುಮಕ್ಕಳು."

"ಎಲ್ಲರೂ ಮೊದಲ್ನೇ ಸಲ ಕೂತವರೇ. ಎರಡ್ನೇ ಸಲ ಒಬ್ಬನೂ ಕೂತಿಲ್ಲ. ಹೌದಲ್ಲೊ? ಮ್ಯಾಲ ಕೂತವಗ ಏನೂ ತಿಳಿಯಂಗಿಲ್ಲ ಅಂತ ಅದಕ ಪಕ್ಕಾ ಆಗ್ಯದ. ಕೆಳಗ ಲಗಾಮು ಹಿಡದವನ ಮಾತಷ್ಟೇ ಕೇಳ್ತದ. ಹಟಮಾರಿ ಅಲ್ಲ ತಮ್ಮಾ ಅದು. ಶ್ಯಾಣೇ ಅದ."

ಆಮೇಲೆ ಹಾಸಿಗೆಯಲ್ಲಿದ್ದಂತೆಯೇ ದಿಂಬನ್ನು ಎರಡು ತೊಡೆಯ ನಡುವೆ ಇಟ್ಟುಕೊಂಡು ತೋರಿಸಿದರು. ಕೈಯಿಂದ ಜಗ್ಗಬಾರದು, ಸೊಂಟದಿಂದ ಹೇಳಬೇಕು. ತಿರುಗಬೇಕಾದ ಕಡೆ ಮೊದಲು ನಿನ್ನ ಕಣ್ಣು ಹೋಗಲಿ, ಆಮೇಲೆ ಹೆಗಲು, ಕುದುರೆ ತಾನೇ 'ಹಾಂ, ಇವ ಅತ್ತ ಹೊಂಟಾನ' ಅನ್ನುತ್ತದೆ. ಹೆದರಿದಾಗ ಉಸಿರು ಹಿಡಿಯಬೇಡ. ನೀ ಹಿಡಿದರೆ ಅದೂ ಹಿಡಿಯುತ್ತದೆ. ಸಿಟ್ಟು ಬಂದ ದಿನ ಹತ್ತಲೇಬೇಡ. ಸುಮಾರು ಎರಡು ಸಾವಿರದ ನಾನೂರು ವರ್ಷದ ಹಿಂದೆ ಗ್ರೀಸಿನ ಜೆನೊಫೊನ್ ಕುದುರೆಯ ಬಗ್ಗೆ ಬರೆದ ಪುಸ್ತಕದಲ್ಲೂ ಈ ಕೊನೆಯ ಮಾತಿದೆ. ಸೋದರಮಾವ ಅದನ್ನು ಓದಿಲ್ಲ, ಅವರು ಓದುವುದು ಪಂಚಾಂಗವನ್ನಷ್ಟೇ.

ಬೀದರಿಗೆ ಬಂದು ದಿಂಬಿನ ಮೇಲೆ ಅಭ್ಯಾಸ ಸುರು ಮಾಡಿದೆ. ಹೆಂಡತಿ ದಿಂಬಿಗೆ ಹೊಸ ಗವಸು ಹೊಲಿಸುವುದನ್ನು ನಿಲ್ಲಿಸಿದಳು. ಆದರೆ ಬಯಲಿನಲ್ಲಿ ಫಲ ಕಂಡಿತು. ಚಾಚಾನನ್ನು ದೂರ ಬೇವಿನ ಮರದ ಕೆಳಗೆ ಕೂಡಿಸಿ, ಹಾಡಿಲ್ಲದೆ, ಉಸಿರು ಬಿಟ್ಟು, ಎದುರಿನ ಗುಂಬಜದ ತುದಿ ನೋಡುತ್ತ ಸೊಂಟ ಮುಂದಕ್ಕೆ ತಂದೆ. ಚಾಂದನಿಯ ಒಂದು ಕಿವಿ ಮುಂದೆ, ಇನ್ನೊಂದು ನನ್ನ ಕಡೆ ತಿರುಗಿತು. ಕುದುರೆ ಕಿವಿ ತಿರುಗಿಸಿ ಕೇಳುವುದನ್ನು ಮೇಲಿನಿಂದ ನೋಡಬೇಕು. ಅಂಥ ಮರ್ಯಾದೆ ನನಗೆ ಕ್ಲಾಸಿನಲ್ಲೂ ಸಿಕ್ಕಿಲ್ಲ. ಒಂದು ಹೆಜ್ಜೆ ಹಾಕಿತು. ಯಾಕೋ ಅನುಮಾನ ಬಂದು ಚಾಚಾನ ಕಡೆ ನೋಡಿತು. ಅವರು ಬೀಡಿ ಹಚ್ಚುತ್ತಿದ್ದರು. ಮತ್ತೊಂದು ಹೆಜ್ಜೆ ಹಾಕಿತು. ಬಯಲಿಗೆ ಒಂದು ಸುತ್ತು ಬಂದೆವು. ಎಮ್ಮೆಯ ಹುಡುಗರು ಜೇಬಿನಲ್ಲಿದ್ದ ಕೈ ತೆಗೆದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ತಾಳವೆಂದು ತಿಳಿದು ಚಾಂದನಿ ಕುಣಿಯಿತು, ಅದು ಬೇರೆ ಮಾತು.

ಶ್ರಾವಣ ಬಂತು. ನಾಳೆಯಿಂದ ಬುಕಿಂಗು ಸುರು ಎಂದು ಚಾಚಾ ಹೇಳಿದ್ದ ದಿನ ಬಯಲಿನ ಅಂಚಿಗೆ, ಉದಗೀರ ರಸ್ತೆಯ ತನಕ ಹೋಗಿ ತಿರುಗೋಣವೆಂದು ಹೊರಟೆ. ನಾನು ತಿರುಗಿದೆ. ಮಾವ ಹೇಳಿದಂತೆ ಮೊದಲು ಕಣ್ಣು, ಆಮೇಲೆ ಹೆಗಲು, ಎಲ್ಲ ಕ್ರಮದಲ್ಲೇ ತಿರುಗಿದೆ. ಚಾಂದನಿ ತಿರುಗಲಿಲ್ಲ. ರಸ್ತೆಯಲ್ಲಿ ಒಂದು ಬರಾತು ಬರುತ್ತಿತ್ತು. ಕೆಂಪು ಕೋಟಿನ ಬ್ಯಾಂಡು, ಡಿಜೆ ಗಾಡಿ, ಕುಣಿಯುವ ಹುಡುಗರು, ಅವರ ಹಿಂದೆ ಬೇರೆಯವರ ಕುದುರೆಯ ಮೇಲೆ ಮದುಮಗ. ತನ್ನ ಕಸುಬು ಕಣ್ಣೆದುರೇ ನಡೆದಿರುವಾಗ ಸುಮ್ಮನೆ ನಿಲ್ಲುವ ಜಾತಿಯಲ್ಲ ಚಾಂದನಿ. ಅದುವರೆಗೆ ನನಗೆ ತೋರಿಸಿರದ ಒಂದು ಲಕ್ಷಣವಾದ ದುಲ್ಕಿ ನಡೆಯಲ್ಲಿ ರಸ್ತೆಗೆ ಬಂದು, ಮದುಮಗನ ಕುದುರೆಯ ಪಕ್ಕದಲ್ಲಿ ಸಾಲು ಹಿಡಿಯಿತು. ನಾನು ಸೊಂಟದಿಂದ ಹೇಳಿದೆ, ಲಗಾಮಿನಿಂದ ಹೇಳಿದೆ, ಬಾಯಿಂದ ಹೇಳಿದೆ. ಬ್ಯಾಂಡಿನ ಮುಂದೆ ನನ್ನದೇನು ಕೇಳೀತು?

ಅಲ್ಲಿಂದ ಮುಂದಿನದನ್ನು ನಾನು ಮರ್ಯಾದೆಯಿಂದಲೇ ಅನುಭವಿಸಿದೆ. ಇಪ್ಪತ್ತೈದರ ಮದುಮಗ ಬಾಸಿಂಗ ಸರಿಸಿ ನನ್ನನ್ನು ನೋಡಿ ನಮಸ್ಕಾರ ಮಾಡಿದ. ಹಳೇ ವಿದ್ಯಾರ್ಥಿ! ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯ ಹಿರಿಯರೆಂದು ತಿಳಿದರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದು ತಿಳಿದರು. ಎರಡೂ ಕಡೆಯವರು ನನಗೆ ಜಾಗ ಬಿಟ್ಟು ಕುಣಿದರು. ಯಾರೋ ಪುಣ್ಯಾತ್ಮ ಹತ್ತರ ನೋಟನ್ನು ನನ್ನ ಹೆಲ್ಮೆಟ್ಟಿನ ಸುತ್ತ ನಿವಾಳಿಸಿ ಬ್ಯಾಂಡಿನವನ ಬಾಯಿಗೆ ಇಟ್ಟ. ಚಾಂದನಿ ಶಿಸ್ತಾಗಿ ನಿಂತು, ನಿವಾಳಿಸಿದ್ದು ಮುಗಿದ ಮೇಲೆಯೇ ಹೆಜ್ಜೆ ಎತ್ತಿತು. ಅಕ್ಕಪಕ್ಕದ ಮಾಳಿಗೆಗಳಿಂದ ಮೊಬೈಲುಗಳು ಎದ್ದವು. ಪ್ರತಿ ಮೊಬೈಲಿಗೂ ನಾವು ಪೋಸು ಕೊಟ್ಟೆವು. ಹನುಮಾನ ಗುಡಿಯ ಮುಂದೆ ಅದು ತಾನೇ ನಿಂತಿತು. ಪೂಜಾರಿ ಮದುಮಗನಿಗೆ ಕುಂಕುಮ ಹಚ್ಚಿ, ನನ್ನನ್ನು ನೋಡಿ ಒಂದು ಕ್ಷಣ ಅನುಮಾನಿಸಿ, ಎದಕ್ಕೂ ಇರಲಿ ಎಂದು ನನಗೂ ಹಚ್ಚಿದರು. ಇಳಿಯೋಣವೆಂದರೆ ಕುರ್ಚಿಯಿಲ್ಲ. ಓಡುತ್ತ ಬಂದ ಚಾಚಾ ಏದುಸಿರಿನಲ್ಲೇ ಹೋಟೆಲ್ಲಿನಿಂದ ಕುರ್ಚಿ ತಂದರು.

ನಾನು ಮನೆಗೆ ಮುಟ್ಟುವ ಮೊದಲೇ ಸುದ್ದಿ ಭಾಲ್ಕಿಗೆ ಹೋಗಿ ವಾಪಸು ಬೀದರಿಗೆ ಬಂದಿತ್ತು. ಬೀದರಿನಲ್ಲಿ ಯಾರೋ ವಿಡಿಯೋ ಹಾಕಿದ್ದು, ಅದನ್ನು ನೋಡಿದ ಭಾವಮೈದುನ ಅಕ್ಕನಿಗೆ ಫೋನು ಮಾಡಿ, "ಮಾಮಾ ಮತ್ತ ಕುದುರಿ ಏರ್ಯಾರಲ್ಲೇ ಅಕ್ಕಾ, ನಮಗ ಪತ್ರಿಕಾನೇ ಕೊಟ್ಟಿಲ್ಲ" ಎಂದಿದ್ದನಂತೆ. ಹಣೆಯ ಮೇಲೆ ಕುಂಕುಮ, ಹೆಗಲ ಮೇಲೆ ಯಾರೋ ತೂರಿದ ಗುಲಾಬಿ ಪಕಳೆ, ಮೈತುಂಬ ಕುದುರೆಯ ವಾಸನೆ ಹೊತ್ತು ನಾನು ಬಾಗಿಲಿಗೆ ಬಂದೆ. ಹೊಸ್ತಿಲಲ್ಲಿ ಹೆಂಡತಿ ಆರತಿ ತಾಟು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಎದುರುಮನೆಯ ಅಜ್ಜಿ.

ಹೆಂಡತಿ ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು. "ಅಕಿನ್ನ ಎಲ್ಲಿ ಬಿಟ್ ಬಂದ್ರಿ?"

ಒಳಗಿನಿಂದ ಅವ್ವನ ದನಿ ಬಂತು: "ಸೇರಿನಾಗ ಅಕ್ಕಿ ತುಂಬಿ ಇಡ್ಲೇನು ತಮ್ಮಾ?"

ಎದುರುಮನೆಯ ಅಜ್ಜಿಗೆ ಚಾಂದನಿ ಅಂದರೆ ಕುದುರೆ ಎಂದು ನಂಬಿಸಲು ಮರುದಿನ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಬೇಕಾಯಿತು. ಅಜ್ಜಿ ಮೂತಿ ಸವರಿ, ಹಲ್ಲು ನೋಡಿ, "ಚಲೋ ಅದ, ಆದ್ರ ವಯಸ್ಸಾಗ್ಯದ" ಎಂದಳು. ಯಾರ ಕುರಿತು ಹೇಳಿದಳೋ ನಾನು ಕೇಳಲಿಲ್ಲ.

ಪಡಸಾಲೆಯ ಫೋಟೊ ಬದಲಾಗಿಲ್ಲ. ಹೆಂಡತಿ ಬದಲಿಸಲು ಬಿಡುವುದಿಲ್ಲ. ಬರಾತಿನ ವಿಡಿಯೋದಲ್ಲಿ ಎರಡೂ ಕಣ್ಣು ತೆರೆದಿವೆ ಎಂದು ಮಗಳು ನಿಲ್ಲಿಸಿ ನಿಲ್ಲಿಸಿ ತೋರಿಸಿದಳು, ಅದಕ್ಕೆ ಅವಳಮ್ಮ "ಗಾಬರಿಗಿ ತೆರದಾವ" ಎಂದು ತೀರ್ಪು ಕೊಟ್ಟಳು. ಚಾಂದನಿಗೆ ಈಗ ಕೈತುಂಬ ಕೆಲಸ. ಮುಂದಿನ ಆಷಾಢಕ್ಕೆ ನನ್ನ ಜಾಗ ಕಾದಿರಿಸಿದ್ದೇನೆ, ಕಡಲೆಯ ಮುಂಗಡವನ್ನೂ ಕೊಟ್ಟಿದ್ದೇನೆ.

ಅಲ್ಲಿಯ ತನಕ ವಾಹನ ಹೊಡೆಯುವವರಲ್ಲಿ ಒಂದು ವಿನಂತಿ. ಲಗ್ನದ ಸೀಜನ್ನಿನಲ್ಲಿ ಬೀದರ್, ಭಾಲ್ಕಿ, ಔರಾದಿನ ರಸ್ತೆಗಳಲ್ಲಿ ಬಿಳೀ ಕುದುರೆಯೊಂದು ನಡುವೆ ನಿಂತುಬಿಟ್ಟಿದ್ದರೆ ದಯಮಾಡಿ ಹಾರ್ನ್ ಹೊಡೆಯಬೇಡಿ, ಮೇಲೆ ಕೂತವನನ್ನು ಬೈಯಬೇಡಿ. ಅವನ ಕೈಯಲ್ಲಿ ಏನೂ ಇಲ್ಲ. ನಿಮ್ಮ ಮೊಬೈಲಿನಲ್ಲಿ ಒಂದು ಬರಾತಿನ ಹಾಡು ಹಚ್ಚಿ, ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ. ಫೋಟೊ ಮಾತ್ರ ತೆಗೆಯಬೇಡಿ, ಮತ್ತೆ ನಿಂತುಬಿಡುತ್ತದೆ.